ಮಕ್ಕಳ ತೋಟದ ತೋಟಿಗ: ಫ್ರೆಡ್ರಿಕ್ ಫ್ರೋಬೆಲ್

ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಜೂನ್ ತಿಂಗಳು, ದೆಹಲಿಯಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಶಿಶುವಿಹಾರಗಳ ಬಾಗಿಲಿನಲ್ಲಿ ಒಂದೇ ನೋಟ ಕಾಣಸಿಗುತ್ತದೆ. ಹೊಸ ಸಮವಸ್ತ್ರ, ಹೊಸ ಚೀಲ, ಕೊರಳಲ್ಲಿ ತೂಗುವ ನೀರಿನ ಬಾಟಲಿ. ತಾಯಿಯ ಸೆರಗನ್ನು ಬಿಡಲೊಲ್ಲದ ಪುಟ್ಟ ಕೈ. ಒಳಗೆ ಮಗು ಅಳುತ್ತದೆ, ಹೊರಗೆ ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ. ತಂದೆ ಗಡಿಯಾರವನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡುತ್ತಾ ನಿಲ್ಲುತ್ತಾನೆ. ಮಗುವಿನ ಬದುಕಿನ ಮೊದಲ ದೊಡ್ಡ ಅಗಲಿಕೆ ಅದು.

ಕಿಂಡರ್‌ಗಾರ್ಟನ್ ಎಂಬ ಹೆಸರನ್ನೂ ಅದರ ಹಿಂದಿನ ಕಲ್ಪನೆಯನ್ನೂ ಲೋಕಕ್ಕೆ ನೀಡಿದ ಫ್ರೆಡ್ರಿಕ್ ಫ್ರೋಬೆಲ್ ಅವರು ಈ ಅಗಲಿಕೆಯ ನೋವನ್ನು ಪುಸ್ತಕದಿಂದ ಅರಿತವರಲ್ಲ. ತಾಯಿಯ ಮುಖವನ್ನೇ ನೆನಪಿಟ್ಟುಕೊಳ್ಳಲಾಗದ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು ಅವರು. ಮಗುವನ್ನು ಮನೆಯಿಂದ ಬೇರ್ಪಡಿಸುವುದಕ್ಕಾಗಿ ಅವರು ಶಿಶುವಿಹಾರವನ್ನು ಕಟ್ಟಲಿಲ್ಲ. ಮನೆಯ ಮಡಿಲನ್ನೇ ಇನ್ನಷ್ಟು ವಿಸ್ತರಿಸುವುದಕ್ಕಾಗಿ ಕಟ್ಟಿದರು. ಆದ್ದರಿಂದಲೇ ಅವರ ಪಾಠ ಮಗುವಿಗಿಂತ ಮೊದಲು ಮನೆಯವರಿಗೆ ಆರಂಭವಾಗುತ್ತಿತ್ತು. ಈ ಮಾತನ್ನು ನಾವು ಬಹುಮಟ್ಟಿಗೆ ಮರೆತಿರುವುದರಿಂದ ಆ ಮಹನೀಯರ ಜೀವನವನ್ನು ಮತ್ತೊಮ್ಮೆ ನೆನೆಯುವುದು ಉಚಿತವೆನಿಸುತ್ತದೆ.

ತಾಯಿಯಿಲ್ಲದ ಬಾಲ್ಯ

ಜರ್ಮನಿಯ ತುರಿಂಗಿಯಾ ಪ್ರದೇಶ ದಟ್ಟವಾದ ಕಾಡು ಬೆಟ್ಟಗಳ ನಾಡು. ಅಲ್ಲಿಯ ಒಬರ್‌ವೈಸ್‌ಬಾಕ್ ಎಂಬ ಗ್ರಾಮದಲ್ಲಿ 1782ರ ಏಪ್ರಿಲ್ 21ರಂದು ಫ್ರೋಬೆಲ್ ಜನಿಸಿದರು. ತಂದೆ ಲೂಥರನ್ ಪಂಥದ ಧರ್ಮಗುರು. ಹಲವು ಹಳ್ಳಿಗಳ ಹೊಣೆ ಹೊತ್ತಿದ್ದ ಅವರಿಗೆ ಮನೆಯ ಕಡೆ ಗಮನ ಕೊಡಲು ಬಿಡುವಿರಲಿಲ್ಲ. ಮಗುವಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಅಣ್ಣಂದಿರು ಮತ್ತು ಮನೆಗೆಲಸದವರ ಕೈಯಲ್ಲಿ ಮಗು ಬೆಳೆಯಿತು.

ಫ್ರೋಬೆಲರಿಗೆ ಸುಮಾರು ನಾಲ್ಕು ವರ್ಷವಾದಾಗ ಮಲತಾಯಿ ಮನೆಗೆ ಬಂದರು. ಮೊದಲಲ್ಲಿ ಆಕೆ ಪ್ರೀತಿಯಿಂದಲೇ ಕಂಡರು. ಹುಡುಗನೂ ಹಸಿದ ಹೃದಯದಿಂದ ಆ ಪ್ರೀತಿಗೆ ಓಗೊಟ್ಟ. ಆದರೆ ಆಕೆಗೆ ತನ್ನದೇ ಮಗು ಹುಟ್ಟಿದ ಮೇಲೆ ಎಲ್ಲವೂ ಬದಲಾಯಿತು. ಜರ್ಮನ್ ಭಾಷೆಯಲ್ಲಿ ಮನೆಮಂದಿಯನ್ನು ಕರೆಯುವ ಆತ್ಮೀಯವಾದ ಏಕವಚನವೊಂದಿದೆ. ಆಕೆ ಆ ಏಕವಚನವನ್ನು ಬಿಟ್ಟು, ಪರಕೀಯರನ್ನು ಕುರಿತು ಆಡುವಂತೆ ಹುಡುಗನೊಡನೆ ಮಾತನಾಡತೊಡಗಿದರು. ದೊಡ್ಡವರಾದ ಮೇಲೆ ಬರೆದ ಆತ್ಮಕಥನದ ಪತ್ರದಲ್ಲಿ ಫ್ರೋಬೆಲ್ ಈ ಸಣ್ಣ ಸಂಗತಿಯನ್ನು ಮರೆಯದೆ ದಾಖಲಿಸಿದ್ದಾರೆ. ಒಂದು ಸರ್ವನಾಮ ಬದಲಾದುದರಿಂದಲೇ ಮಗುವಿಗೆ ಮನೆಯ ಬಾಗಿಲು ಮುಚ್ಚಿದಂತಾಯಿತು. ಆಡುವ ಮಾತಿನಲ್ಲಿಯೇ ಮಗುವಿನ ಆಶ್ರಯವಿದೆ ಎಂಬ ಅರಿವು ಅವರಿಗೆ ಬಂದದ್ದು ಹೀಗೆ.

ಮನೆಯ ಸುತ್ತ ಗೋಡೆ, ಬೇಲಿ, ಚರ್ಚಿನ ಕಟ್ಟಡ. ತಲೆಯ ಮೇಲಿನ ಆಕಾಶ ಮತ್ತು ಮನೆಯ ಕೈತೋಟ ಇವೆರಡೇ ಆ ಹುಡುಗನ ಲೋಕ. ತಂದೆಯೊಡನೆ ತೋಟದ ಕೆಲಸ ಮಾಡುತ್ತಾ, ಗಿಡಗಳನ್ನು ಗಮನಿಸುತ್ತಾ ಹುಡುಗ ಏಕಾಂಗಿಯಾಗಿ ಬೆಳೆದ. ಮುಂದೆ ಅವರು ಮಕ್ಕಳಿಗಾಗಿ ಕಟ್ಟಿದ ಸಂಸ್ಥೆಗೆ ತೋಟದ ಹೆಸರೇ ಬಂದದ್ದು ಆಕಸ್ಮಿಕವಲ್ಲ.

ಮೊದಲ ಶಾಲೆಯ ಮೊದಲ ದಿನ

ತಂದೆಯೇ ಮನೆಯಲ್ಲಿ ಅಕ್ಷರ ಕಲಿಸಲು ತೊಡಗಿದರು. ಆದರೆ ಓದು ಸುಲಭವಾಗಿ ಹತ್ತಲಿಲ್ಲ. ಈ ಹುಡುಗ ಮಂದಬುದ್ಧಿಯವನೆಂದು ತಂದೆ ಭಾವಿಸಿದರು. ಕೊನೆಗೆ ಅವನನ್ನು ಊರಿನ ಗಂಡುಮಕ್ಕಳ ಶಾಲೆಗೆ ಬದಲಾಗಿ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರು. ಶಿಶುವಿಹಾರದ ಜನಕನ ಸ್ವಂತ ಶಾಲಾಪ್ರವೇಶ ಇಂತಹ ವಿಚಿತ್ರ ಸನ್ನಿವೇಶದಲ್ಲಿ ನಡೆಯಿತು.

ಆದರೂ ಆ ಮೊದಲ ದಿನ ಅವರ ಪಾಲಿಗೆ ಭಯದ ದಿನವಾಗಲಿಲ್ಲ. ಅಂದು ಸೋಮವಾರ. ಹಿಂದಿನ ದಿನ ಚರ್ಚಿನಲ್ಲಿ ಕೇಳಿದ ಬೈಬಲ್ ವಚನವನ್ನು ಹುಡುಗಿಯರು ಒಟ್ಟಾಗಿ, ಶಾಂತವಾಗಿ ಪಠಿಸುತ್ತಿದ್ದರು. ಆ ಶಾಲೆಯಲ್ಲಿ ಅಚ್ಚುಕಟ್ಟು, ಮೌನ, ಮೃದುತ್ವಗಳಿದ್ದವು. ಆ ದನಿಗಳು ನಲವತ್ತು ವರ್ಷಗಳ ಅನಂತರವೂ ತಮ್ಮ ಮನಸ್ಸಿನಲ್ಲಿ ಅನುರಣಿಸುತ್ತಿದ್ದವೆಂದು ಫ್ರೋಬೆಲ್ ಬರೆದುಕೊಂಡಿದ್ದಾರೆ. ಮೊದಲ ದಿನ ಕಿವಿಗೆ ಬಿದ್ದ ದನಿ, ಕಣ್ಣಿಗೆ ಬಿದ್ದ ಮುಖ ಇವು ಮಗುವಿನ ಮನಸ್ಸಿನಲ್ಲಿ ಜೀವಮಾನವಿಡೀ ಉಳಿಯಬಲ್ಲವು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಹತ್ತನೆಯ ವಯಸ್ಸಿನಲ್ಲಿ ಸೋದರಮಾವ ಹಾಫ್‌ಮನ್ ಅವರು ಹುಡುಗನನ್ನು ಸ್ಟಾಟಿಲ್ಮ್ ಪಟ್ಟಣದ ತಮ್ಮ ಮನೆಗೆ ಕರೆದೊಯ್ದರು. ಅಲ್ಲಿ ಪ್ರೀತಿಯಿತ್ತು, ನಂಬಿಕೆಯಿತ್ತು, ಓರಗೆಯ ಹುಡುಗರೊಡನೆ ಆಡುವ ಸ್ವಾತಂತ್ರ್ಯವಿತ್ತು. ಮಂದನೆನಿಸಿದ್ದ ಹುಡುಗ ಅಲ್ಲಿ ಚಿಗುರಿದ. ತವರಿನ ಬಂಧುಗಳ ಮನೆ ಮಗುವಿಗೆ ಎಂತಹ ಆಸರೆಯೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಲೆದಾಟದ ವರ್ಷಗಳು

ಹದಿನೈದನೆಯ ವಯಸ್ಸಿನಲ್ಲಿ, 1797ರಲ್ಲಿ, ಫ್ರೋಬೆಲರನ್ನು ಒಬ್ಬ ಅರಣ್ಯಾಧಿಕಾರಿಯ ಬಳಿ ಕೆಲಸ ಕಲಿಯಲು ಬಿಡಲಾಯಿತು. ಕೆಲಸ ಕಲಿತದ್ದು ಅಷ್ಟಕ್ಕಷ್ಟೆ. ಆದರೆ ಕಾಡಿನ ಸಾಹಚರ್ಯದಿಂದ ಸಸ್ಯಶಾಸ್ತ್ರ, ಗಣಿತಗಳಲ್ಲಿ ಆಸಕ್ತಿ ಹುಟ್ಟಿತು. 1799ರಲ್ಲಿ ಯೇನಾ ವಿಶ್ವವಿದ್ಯಾಲಯವನ್ನು ಸೇರಿದರು. ಅಣ್ಣನಿಗೆ ಕೈಯಲ್ಲಿದ್ದ ಹಣವನ್ನು ಕೊಟ್ಟು ತಾವೇ ಸಾಲಗಾರರಾಗಿ, ವಿಶ್ವವಿದ್ಯಾಲಯದ ಸೆರೆಮನೆಯಲ್ಲಿ ಒಂಬತ್ತು ವಾರ ಕಳೆಯಬೇಕಾಯಿತು. ವಿದ್ಯಾಭ್ಯಾಸ ಅರ್ಧಕ್ಕೆ ನಿಂತಿತು. ಬಳಿಕ ಭೂಮಾಪನ, ಲೆಕ್ಕಪತ್ರ, ಹೀಗೆ ಒಂದರ ಮೇಲೊಂದು ಉದ್ಯೋಗ. ಯಾವುದರಲ್ಲಿಯೂ ಮನಸ್ಸು ನೆಲೆಗೊಳ್ಳಲಿಲ್ಲ.

1805ರಲ್ಲಿ ವಾಸ್ತುಶಿಲ್ಪ ಕಲಿಯಬೇಕೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಹೋದರು. ಅಲ್ಲಿಯ ಆದರ್ಶ ಶಾಲೆಯೊಂದರ ಮುಖ್ಯಸ್ಥರಾದ ಗ್ರೂನರ್ ಅವರು ಫ್ರೋಬೆಲರ ಒಲವನ್ನು ಗುರುತಿಸಿ ತಮ್ಮಲ್ಲಿಯೇ ಶಿಕ್ಷಕರಾಗುವಂತೆ ಒತ್ತಾಯಿಸಿದರು. ಮೊದಲ ಬಾರಿ ಮಕ್ಕಳ ಮುಂದೆ ನಿಂತಾಗ, ತನಗೆ ತಿಳಿಯದೆಯೇ ತಾನು ಅರಸುತ್ತಿದ್ದುದು ಇದನ್ನೇ ಎಂಬ ಅನುಭವ ಅವರಿಗಾಯಿತು. ಗ್ರೂನರ್ ಅವರು ಸ್ವಿಟ್ಜರ್ಲೆಂಡಿನ ಮಹಾನ್ ಶಿಕ್ಷಣತಜ್ಞ ಪೆಸ್ಟಲಾಜಿಯವರ ಶಿಷ್ಯರು. ಫ್ರೋಬೆಲ್ ಅದೇ ವರ್ಷ ಇವೆರ್ಡನ್ ಪಟ್ಟಣಕ್ಕೆ ಹೋಗಿ ಪೆಸ್ಟಲಾಜಿಯವರನ್ನು ಕಂಡರು. 1808ರಿಂದ 1810ರವರೆಗೆ ತಮ್ಮ ಮೂವರು ವಿದ್ಯಾರ್ಥಿಗಳೊಡನೆ ಅಲ್ಲಿಯೇ ನೆಲೆಸಿದರು. ವಸ್ತುವನ್ನು ಕಂಡು, ಮುಟ್ಟಿ, ಮಾಡಿ ಕಲಿಯಬೇಕೆಂಬ ಪಾಠವನ್ನು ಅಲ್ಲಿಂದ ಪಡೆದರು. ತಾಯಿಯೇ ಮಗುವಿನ ಮೊದಲ ಗುರುವೆಂಬ ಪೆಸ್ಟಲಾಜಿಯವರ ವಿಚಾರ, ತಾಯಿಯಿಲ್ಲದೆ ಬೆಳೆದ ಈ ಶಿಷ್ಯನಲ್ಲಿ ಆಳವಾಗಿ ಬೇರೂರಿತು.

ಅನಂತರ ಗಾಟಿಂಗನ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ, ಖನಿಜಗಳ ಅಧ್ಯಯನ. 1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸ್ವಯಂಸೇವಕರಾಗಿ ಸೇರಿದಾಗ ಲಾಂಗೆಥಾಲ್ ಮತ್ತು ಮಿಡೆನ್‌ಡಾರ್ಫ್ ಎಂಬ ಇಬ್ಬರು ತರುಣರ ಸ್ನೇಹ ಒದಗಿತು. ಜೀವನಪರ್ಯಂತ ಜೊತೆಗೆ ನಿಂತವರು ಇವರು. ಅದೇ ಯುದ್ಧಕಾಲದಲ್ಲಿ ಫ್ರೋಬೆಲರ ಅಣ್ಣ ಕ್ರಿಸ್ಟಾಫ್, ರೋಗಪೀಡಿತ ಸೈನಿಕರ ಆರೈಕೆ ಮಾಡುತ್ತಾ ತಾವೂ ಜ್ವರಕ್ಕೆ ಬಲಿಯಾದರು. ತಂದೆಯಿಲ್ಲದ ಅಣ್ಣನ ಮಕ್ಕಳ ಹೊಣೆ ಹೊರಲು ಫ್ರೋಬೆಲ್ ತಮಗೆ ದೊರೆತಿದ್ದ ಉದ್ಯೋಗವನ್ನು ತೊರೆದು ಹೊರಟರು. 1816ರಲ್ಲಿ ಗ್ರೀಸ್‌ಹೈಮ್ ಗ್ರಾಮದಲ್ಲಿ ಐವರು ಸೋದರಪುತ್ರರೊಡನೆ ಅವರ ಶಾಲೆ ಆರಂಭವಾಯಿತು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಸ್ಥಳಾಂತರಗೊಂಡಿತು. 1818ರಲ್ಲಿ ಹೆನ್ರಿಯೆಟ್ ವಿಲ್ಹೆಲ್ಮಿನ್ ಅವರೊಡನೆ ವಿವಾಹವಾಯಿತು. 1826ರಲ್ಲಿ ಮಾನವನ ಶಿಕ್ಷಣವನ್ನು ಕುರಿತ ಅವರ ಪ್ರಮುಖ ಗ್ರಂಥ ಹೊರಬಂದಿತು. ಹಣದ ಮುಗ್ಗಟ್ಟು, ಸರಕಾರದ ಸಂಶಯದ ದೃಷ್ಟಿ ಇವು ಮಾತ್ರ ಅವರ ಬೆನ್ನು ಬಿಡಲಿಲ್ಲ.

ತೋಟಕ್ಕೆ ಹೆಸರು ದೊರೆತ ಬಗೆ

1831ರಿಂದ ಕೆಲವು ವರ್ಷ ಫ್ರೋಬೆಲ್ ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡಿದರು. ಅಲ್ಲಿ ಬುರ್ಗ್‌ಡಾರ್ಫ್ ಪಟ್ಟಣದ ಅನಾಥಾಲಯದ ಹೊಣೆ ಹೊತ್ತಾಗ ಒಂದು ಸತ್ಯ ಅವರಿಗೆ ಸ್ಪಷ್ಟವಾಯಿತು. ಶಾಲೆಗೆ ಬರುವ ಹೊತ್ತಿಗಾಗಲೇ ಮಗುವಿನ ಬದುಕಿನ ಅತ್ಯಂತ ಮಹತ್ತ್ವದ ವರ್ಷಗಳು ಕಳೆದುಹೋಗಿರುತ್ತವೆ. ಆ ವರ್ಷಗಳಲ್ಲಿ ಮನೆಯವರಿಗೆ ದಾರಿ ತೋರುವವರು ಯಾರೂ ಇಲ್ಲ. ಶಾಲೆಯನ್ನು ಎಷ್ಟು ತಿದ್ದಿದರೂ ಅದರ ಹಿಂದಿನ ವರ್ಷಗಳನ್ನು ತಿದ್ದದೆ ಪ್ರಯೋಜನವಿಲ್ಲವೆಂದು ಅವರು ಮನಗಂಡರು.

ಪತ್ನಿಯ ಅನಾರೋಗ್ಯದ ನಿಮಿತ್ತ ಸ್ವದೇಶಕ್ಕೆ ಮರಳಿದ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಪಟ್ಟಣದಲ್ಲಿ ಚಿಕ್ಕ ಮಕ್ಕಳ ಆಟ ಮತ್ತು ಚಟುವಟಿಕೆಗಾಗಿ ಒಂದು ಸಂಸ್ಥೆಯನ್ನು ತೆರೆದರು. ಆಗ ಅವರ ವಯಸ್ಸು 55. ಬಹುಮಂದಿ ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅವರ ನಿಜವಾದ ಕಾರ್ಯ ಆರಂಭವಾಯಿತು. ಎರಡೇ ವರ್ಷಗಳಲ್ಲಿ, 1839ರಲ್ಲಿ, ಪತ್ನಿ ತೀರಿಕೊಂಡರು.

ಸಂಸ್ಥೆಗೆ ತಕ್ಕ ಹೆಸರು ಮಾತ್ರ ಹೊಳೆದಿರಲಿಲ್ಲ. ಶಾಲೆಯೆಂಬ ಪದ ಅವರಿಗೆ ಬೇಡವಾಗಿತ್ತು. ಅಲ್ಲಿ ಮಕ್ಕಳಿಗೆ ಪಾಠ ಹೇರುವುದಿರಲಿಲ್ಲ, ಮಕ್ಕಳು ತಾವಾಗಿ ಅರಳಬೇಕಿತ್ತು. ಸಂಗಡಿಗರು ದಾಖಲಿಸಿರುವ ಪ್ರಕಾರ, ಒಂದು ದಿನ ಮಿತ್ರರೊಡನೆ ಬೆಟ್ಟದ ಹಾದಿಯಲ್ಲಿ ಕೈಲ್‌ಹೌನಿಂದ ಬ್ಲಾಂಕೆನ್‌ಬುರ್ಗ್ ಕಡೆಗೆ ನಡೆದುಬರುತ್ತಿದ್ದಾಗ, ಕೆಳಗಿನ ಕಣಿವೆ ತೋಟದಂತೆ ಕಂಡ ಗಳಿಗೆಯಲ್ಲಿ ಆ ಹೆಸರು ಥಟ್ಟನೆ ಹೊಳೆಯಿತು. ಕಿಂಡರ್‌ಗಾರ್ಟನ್ ಎಂದರೆ ಮಕ್ಕಳ ತೋಟ. 1840ರ ಜೂನ್ 28ರಂದು ಆ ಹೆಸರಿನಲ್ಲಿ ಸಂಸ್ಥೆಯ ಉದ್ಘಾಟನೆಯಾಯಿತು.

ಈ ಹೆಸರು ಬರಿಯ ರೂಪಕವಲ್ಲ. ಫ್ರೋಬೆಲರ ಯೋಜನೆಯಲ್ಲಿ ನಿಜವಾದ ತೋಟವೂ ಇತ್ತು. ಪ್ರತಿ ಮಗುವಿಗೂ ತನ್ನದೇ ಆದ ಒಂದು ಪುಟ್ಟ ಪಾತಿ; ಅದರ ಜೊತೆಗೆ ಎಲ್ಲ ಮಕ್ಕಳೂ ಸೇರಿ ನೋಡಿಕೊಳ್ಳಬೇಕಾದ ಸಾಮೂಹಿಕ ಪಾತಿಗಳು. ತನ್ನದು ಎಂಬ ಭಾವ ಮತ್ತು ನಮ್ಮದು ಎಂಬ ಭಾವ ಎರಡನ್ನೂ ಮಗು ಅಲ್ಲಿ ಒಟ್ಟಿಗೆ ಕಲಿಯುತ್ತಿತ್ತು. ಮನೆಯಲ್ಲಿ ಎಲ್ಲರ ಕಣ್ಮಣಿಯಾಗಿ ಬೆಳೆದ ಮಗು ಮೊದಲ ಬಾರಿ ಹಲವರಲ್ಲಿ ಒಂದಾಗಬೇಕಾದಾಗ ಅನುಭವಿಸುವ ತಳಮಳಕ್ಕೆ ಇದಕ್ಕಿಂತ ಮೃದುವಾದ ಪರಿಹಾರವನ್ನು ಯೋಚಿಸುವುದು ಕಷ್ಟ.

ಹೋಗುವುದು ಮತ್ತು ಮರಳಿ ಬರುವುದು

ಫ್ರೋಬೆಲ್ ಮಕ್ಕಳಿಗಾಗಿ ರೂಪಿಸಿದ ಆಟಿಕೆಗಳಿಗೆ ಉಡುಗೊರೆಗಳೆಂದೇ ಹೆಸರು. ಮೊದಲನೆಯ ಉಡುಗೊರೆ ದಾರ ಕಟ್ಟಿದ ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಲ, ಘನ ಮತ್ತು ಸಿಲಿಂಡರು. ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ಘನ. ಮುಂದಿನವು ಇನ್ನಷ್ಟು ಸಂಕೀರ್ಣವಾದ ಮರದ ತುಂಡುಗಳು. ಇವುಗಳ ಜೊತೆಗೆ ಕಾಗದ ಮಡಿಸುವುದು, ಹೆಣೆಯುವುದು, ಜೇಡಿಮಣ್ಣಿನಲ್ಲಿ ಆಕಾರ ಮಾಡುವುದು ಮುಂತಾದ ಕೈಗೆಲಸಗಳಿದ್ದವು.

ಇವುಗಳಲ್ಲಿ ಚೆಂಡಿನ ಆಟವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಅದು ಆರಂಭವಾಗುವುದು ಶಿಶುವಿಹಾರದಲ್ಲಲ್ಲ, ತಾಯಿಯ ಮಡಿಲಿನಲ್ಲಿ. ತಾಯಿ ದಾರ ಹಿಡಿದು ಚೆಂಡನ್ನು ತೂಗುತ್ತಾಳೆ. ಚೆಂಡು ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ. ಪ್ರತಿಯೊಂದು ಚಲನೆಗೂ ತಾಯಿ ಮಾತನ್ನೋ ಹಾಡನ್ನೋ ಜೋಡಿಸುತ್ತಾಳೆ. ಕಣ್ಣೆದುರು ಇದ್ದದ್ದು ಇಲ್ಲವಾಗಬಹುದು, ಇಲ್ಲವಾದದ್ದು ಮರಳಿ ಬರಬಹುದು ಎಂಬ ಮೊದಲ ತಿಳಿವಳಿಕೆ ಮಗುವಿಗೆ ಈ ಆಟದಿಂದ ದೊರೆಯುತ್ತದೆಂದು ಫ್ರೋಬೆಲ್ ವಿವರಿಸಿದರು.

1844ರಲ್ಲಿ ಅವರು ತಾಯಂದಿರಿಗಾಗಿ ಹಾಡು ಮತ್ತು ಬೆರಳಾಟಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಚಿತ್ರಗಳನ್ನು ಫ್ರೆಡ್ರಿಕ್ ಉಂಗರ್ ಬರೆದರು, ರಾಬರ್ಟ್ ಕೋಲ್ ರಾಗ ಸಂಯೋಜಿಸಿದರು. ಅದರಲ್ಲಿ ರೊಟ್ಟಿ ತಟ್ಟುವ ಆಟವಿದೆ, ಬಡಗಿಯಿದ್ದಾನೆ, ಹಕ್ಕಿಯ ಗೂಡಿದೆ, ಮುಖ ಮುಚ್ಚಿ ತೆರೆಯುವ ಆಟವಿದೆ, ಬಚ್ಚಿಟ್ಟುಕೊಂಡು ದನಿಗೊಡುವ ಕೋಗಿಲೆಯ ಆಟವಿದೆ. ಮಗು ಬಚ್ಚಿಟ್ಟುಕೊಳ್ಳುವುದು ತಾಯಿಯಿಂದ ದೂರವಾಗುವ ಆಸೆಯಿಂದಲ್ಲ, ಮತ್ತೆ ಸಿಕ್ಕಾಗಿನ ಸಂತೋಷಕ್ಕಾಗಿ ಎಂಬುದು ಅವರ ಸೂಕ್ಷ್ಮವಾದ ಕಾಣ್ಕೆ. ನಮ್ಮ ಅಜ್ಜಿಯಂದಿರು ಸೆರಗಿನಿಂದ ಮುಖ ಮುಚ್ಚಿ ತೆರೆದು ಮಗುವನ್ನು ನಗಿಸಿದ್ದೂ, ಅಂಗಳದಲ್ಲಿ ಕಣ್ಣಾಮುಚ್ಚಾಲೆ ಆಡಿಸಿದ್ದೂ ಇದೇ ವಿದ್ಯೆ. ಅದಕ್ಕೆ ಶಾಸ್ತ್ರದ ಹೆಸರಿರಲಿಲ್ಲ ಅಷ್ಟೆ. ಶಿಶುವಿಹಾರದ ಬಾಗಿಲಿನಲ್ಲಿ ತಾಯಿಯ ಕೈ ಬಿಡಬೇಕಾದ ಮಗುವಿಗೆ ನಿಜವಾಗಿ ಬೇಕಾದದ್ದು ಈ ಒಂದೇ ಪಾಠ: ಹೋದ ತಾಯಿ ಮರಳಿ ಬರುತ್ತಾಳೆ. ಒಂಬತ್ತು ತಿಂಗಳಿನಲ್ಲಿ ಹೋದ ತಾಯಿ ಮರಳಿ ಬಾರದಿದ್ದ ಮಗುವೊಂದು ಬೆಳೆದು ದೊಡ್ಡದಾಗಿ, ಲೋಕದ ಮಕ್ಕಳಿಗೆ ಈ ಪಾಠವನ್ನು ಆಟವಾಗಿ ಕೊಟ್ಟಿತು.

ನಿಷೇಧ ಮತ್ತು ನಿರ್ಗಮನ

ಹಣದ ಕೊರತೆಯಿಂದ ಬ್ಲಾಂಕೆನ್‌ಬುರ್ಗ್ ಸಂಸ್ಥೆ ಹೆಚ್ಚು ಕಾಲ ಉಳಿಯಲಿಲ್ಲ. ಫ್ರೋಬೆಲ್ ಎದೆಗುಂದದೆ ಊರೂರು ತಿರುಗಿ ಭಾಷಣ ಮಾಡಿದರು, ತರುಣಿಯರಿಗೆ ತರಬೇತಿ ನೀಡಿದರು. ಹೆಣ್ಣುಮಕ್ಕಳಿಗೆ ಗೌರವದ ವೃತ್ತಿಗಳು ವಿರಳವಾಗಿದ್ದ ಕಾಲದಲ್ಲಿ ಶಿಶುಶಿಕ್ಷಕಿಯ ವೃತ್ತಿಗೆ ಬುನಾದಿ ಹಾಕಿದರು. 1849ರಲ್ಲಿ ಬಾಡ್ ಲೀಬೆನ್‌ಸ್ಟೈನ್ ಎಂಬಲ್ಲಿ ಹಳ್ಳಿಯ ಬರಿಗಾಲಿನ ಮಕ್ಕಳೊಡನೆ ಕುಣಿದು ಹಾಡುತ್ತಿದ್ದ ಈ ಮುದುಕನನ್ನು ಊರಿನವರು ಹುಚ್ಚನೆಂದು ನಗೆಯಾಡುತ್ತಿದ್ದರು. ಅಲ್ಲಿಗೆ ಬಂದಿದ್ದ ಬರ್ಥಾ ಫಾನ್ ಮಾರೆನ್‌ಹೋಲ್ಟ್ಸ್ ಬ್ಯೂಲೋ ಎಂಬ ಮಹಿಳೆ ಆ ಆಟದ ಹಿಂದಿನ ಗಂಭೀರ ಚಿಂತನೆಯನ್ನು ಗುರುತಿಸಿದರು. ಮುಂದೆ ಯುರೋಪಿನ ದೇಶದೇಶಗಳಿಗೆ ಅದನ್ನು ಒಯ್ದರು. 1851ರಲ್ಲಿ ಫ್ರೋಬೆಲ್ ತಮ್ಮ ಶಿಷ್ಯೆ ಲೂಯಿಸ್ ಲೆವಿನ್ ಅವರನ್ನು ವಿವಾಹವಾದರು.

ಅದೇ ವರ್ಷ ಆಗಸ್ಟ್ 7ರಂದು ಪ್ರಷ್ಯಾ ಸರಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬೋಧಿಸುತ್ತವೆಂಬುದು ಆರೋಪ. ಸೋದರಪುತ್ರ ಕಾರ್ಲ್ ಫ್ರೋಬೆಲ್ ಬರೆದ ಕಿರುಪುಸ್ತಕವನ್ನು ಅಧಿಕಾರಿಗಳು ಇವರ ವಿಚಾರಗಳೊಡನೆ ಬೆರೆಸಿಬಿಟ್ಟಿದ್ದರು. ಧರ್ಮಗುರುವಿನ ಮಗನಾಗಿ ಹುಟ್ಟಿ, ಪ್ರಕೃತಿಯ ಕಣಕಣದಲ್ಲಿಯೂ ದೇವರನ್ನು ಕಂಡವರ ಮೇಲೆ ನಾಸ್ತಿಕತೆಯ ಕಳಂಕ! ವಿವರಣೆ ಕೊಟ್ಟರೂ, ಅರಸನಿಗೆ ಮನವಿ ಮಾಡಿಕೊಂಡರೂ ಪ್ರಯೋಜನವಾಗಲಿಲ್ಲ. 1852ರ ಜೂನ್ 21ರಂದು ಮಾರಿಯೆಂತಾಲ್‌ನಲ್ಲಿ ತಮ್ಮ 70ನೆಯ ವಯಸ್ಸಿನಲ್ಲಿ ಫ್ರೋಬೆಲ್ ಕಣ್ಮುಚ್ಚಿದರು. ನಿಷೇಧ ತೆರವಾದದ್ದು 1860ರಲ್ಲಿ. ಶ್ವೈನಾದಲ್ಲಿರುವ ಅವರ ಸಮಾಧಿಯ ಮೇಲೆ ಘನ, ಸಿಲಿಂಡರು, ಗೋಲ ಒಂದರ ಮೇಲೊಂದು ನಿಂತಿವೆ. ಮಕ್ಕಳಿಗೆ ಕೊಟ್ಟ ಉಡುಗೊರೆಯೇ ಅವರಿಗೆ ಸ್ಮಾರಕವಾಯಿತು.

ವಲಸಿಗರ ಮನೆಯಿಂದ ಲೋಕಕ್ಕೆ

ತವರಿನಲ್ಲಿ ನಿಷೇಧಗೊಂಡ ತೋಟದ ಬೀಜಗಳು ವಲಸಿಗರ ಕೈಯಲ್ಲಿ ಹೊರನಾಡುಗಳಿಗೆ ಸಾಗಿದವು. 1856ರಲ್ಲಿ ಮಾರ್ಗರೇಟ್ ಷುರ್ಜ್ ಎಂಬ ಜರ್ಮನ್ ಮಹಿಳೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್ ಪಟ್ಟಣದಲ್ಲಿ ತನ್ನ ಮಗಳು ಮತ್ತು ಬಂಧುಗಳ ಮಕ್ಕಳಿಗಾಗಿ ಮನೆಯಲ್ಲಿಯೇ ಕಿಂಡರ್‌ಗಾರ್ಟನ್ ಆರಂಭಿಸಿದರು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಎಂದು ಅದನ್ನು ಗುರುತಿಸುತ್ತಾರೆ. ಇಂಗ್ಲಿಷ್ ಆಡುವ ದೇಶದಲ್ಲಿ ಅದು ನಡೆದದ್ದು ಜರ್ಮನ್ ಭಾಷೆಯಲ್ಲಿ. ಆಕೆಯಿಂದ ಪ್ರೇರಣೆ ಪಡೆದ ಎಲಿಜಬೆತ್ ಪೀಬಾಡಿ 1860ರಲ್ಲಿ ಬಾಸ್ಟನ್ ನಗರದಲ್ಲಿ ಇಂಗ್ಲಿಷ್ ಕಿಂಡರ್‌ಗಾರ್ಟನ್ ತೆರೆದರು. 1873ರಲ್ಲಿ ಸೂಸನ್ ಬ್ಲೋ ಅವರ ಶ್ರಮದಿಂದ ಸೇಂಟ್ ಲೂಯಿಸ್ ನಗರದ ಸಾರ್ವಜನಿಕ ಶಾಲೆಗಳಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು.

ಹೊರನಾಡಿನಲ್ಲಿ ನೆಲೆಸಿ ಮನೆಮಾತನ್ನು ಮಕ್ಕಳ ನಾಲಿಗೆಯಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗೆ ಮಾರ್ಗರೇಟ್ ಷುರ್ಜ್ ಅವರ ಮನೆಯಂಗಳ ಅಪರಿಚಿತವೆನಿಸುವುದಿಲ್ಲ. ಕನ್ನಡ ಮಾತ್ರ ಬಲ್ಲ ಮೂರು ವರ್ಷದ ಕೂಸು ಇಲ್ಲಿ ಬಾಗಿಲು ದಾಟಿದೊಡನೆ ಇಂಗ್ಲಿಷ್, ಹಿಂದಿ, ಮರಾಠಿ, ತೆಲುಗು ಅಥವಾ ತಮಿಳಿನ ಲೋಕವನ್ನು ಎದುರಿಸಬೇಕು. ನೀರು ಬೇಕೆಂದು, ಹೊಟ್ಟೆ ನೋಯುತ್ತದೆಂದು ಹೇಳಲು ಮಾತಿಲ್ಲದ ಮಗುವಿನ ಅಳು ಬರಿಯ ಹಟವಲ್ಲ. ಅಂತಹ ಹೊತ್ತಿನಲ್ಲಿ ಮನೆಯಲ್ಲಿಯೂ ಕನ್ನಡವನ್ನು ಬಿಟ್ಟುಬಿಡಿರೆಂದು ಪಾಲಕರಿಗೆ ಸಲಹೆ ಕೊಡುವವರೂ ಉಂಟು. ಹಾಗೆ ಮಾಡಿದರೆ ಮಗು ಹೊರಗೆ ಕಳೆದುಕೊಂಡ ಮಾತನ್ನು ಒಳಗೂ ಕಳೆದುಕೊಂಡಂತಾಗುತ್ತದೆ. ಒಂದು ಸರ್ವನಾಮದ ಬದಲಾವಣೆ ಫ್ರೋಬೆಲರ ಬಾಲ್ಯವನ್ನು ಹೇಗೆ ಬರಿದುಮಾಡಿತೆಂಬುದನ್ನು ಕಂಡೆವಲ್ಲವೇ? ಶಾಲೆಯಲ್ಲಿ ಅಗತ್ಯವಾದ ನಾಲ್ಕಾರು ಪದಗಳನ್ನು ಮೊದಲೇ ಕಲಿಸೋಣ. ಆದರೆ ಸಂಜೆ ಮರಳಿದ ಮಗುವನ್ನು ಬರಮಾಡಿಕೊಳ್ಳುವ ಮಾತು ಮಾತ್ರ ಮನೆಮಾತೇ ಆಗಿರಲಿ.

ಫ್ರೋಬೆಲರ ವಿಚಾರಗಳೆಲ್ಲವೂ ಇಂದಿಗೆ ಒಪ್ಪುವಂಥವಲ್ಲ. ಆಕಾರಗಳಲ್ಲಿ ಅವರು ಕಂಡ ಗೂಢಾರ್ಥಗಳು ಅನೇಕರಿಗೆ ದುರ್ಗಮವೆನಿಸಿವೆ. ಅನುಯಾಯಿಗಳಲ್ಲಿ ಕೆಲವರು ಉಡುಗೊರೆಗಳನ್ನು ಕಟ್ಟುನಿಟ್ಟಿನ ಕವಾಯತನ್ನಾಗಿಸಿ ಆಟದ ಜೀವವನ್ನೇ ಹಿಂಡಿದರು. ಮಗುವಿನ ಹೊಣೆಯನ್ನು ಬಹುಮಟ್ಟಿಗೆ ತಾಯಿಯ ಮೇಲೆಯೇ ಹೊರಿಸಿದ್ದೂ ಆ ಕಾಲದ ಮಿತಿ. ತಂದೆ, ಅಜ್ಜ ಅಜ್ಜಿಯರೂ ಆ ಹೊಣೆಯಲ್ಲಿ ಪಾಲುಗಾರರು. ಆದರೂ ಅವರ ಮೂಲ ಮಾತು ಮಾಸಿಲ್ಲ. ಶಿಶುವಿಹಾರದ ಮೊದಲ ದಿನ ಆರಂಭವಾಗುವುದು ಶಾಲೆಯ ಗೇಟಿನಲ್ಲಲ್ಲ, ಮನೆಯ ಆಟದಲ್ಲಿ.

ಆದ್ದರಿಂದ ಬರುವ ವರ್ಷ ಮಗುವನ್ನು ಕಳುಹಿಸಲಿರುವ ಪಾಲಕರು ಅಕ್ಷರಮಾಲೆಯ ಗಡಿಬಿಡಿಯನ್ನು ಸ್ವಲ್ಪ ಬದಿಗಿಟ್ಟು, ಅಗಲಿ ಮರಳುವ ಆಟಗಳನ್ನು ಆಡಿಸಬಹುದು. ಅರ್ಧ ಗಂಟೆ ನೆರೆಮನೆಯಲ್ಲಿ ಬಿಟ್ಟು, ಹೇಳಿದ ಹೊತ್ತಿಗೆ ತಪ್ಪದೆ ಮರಳಬಹುದು. ಮೊದಲ ದಿನ ಮಗುವಿನ ಕಣ್ಣು ತಪ್ಪಿಸಿ ಜಾರಿಕೊಳ್ಳದೆ, ಹೋಗಿ ಬರುವೆನೆಂದು ಹೇಳಿಯೇ ಹೊರಡಬಹುದು. ಹೊರಡುವಾಗ ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನುವುದು ಕನ್ನಡಿಗರ ಹಳೆಯ ವಾಡಿಕೆ. ಆ ವಾಡಿಕೆಯಲ್ಲಿ ಮರಳಿ ಬರುವ ಭರವಸೆಯಿದೆ. ಆ ಭರವಸೆಯನ್ನು ದಿನದಿನವೂ ನಡೆಸಿಕೊಟ್ಟರೆ ಬಾಗಿಲಿನ ಅಳು ಕ್ರಮೇಣ ತಾನೇ ಅಡಗುತ್ತದೆ.